ಸ್ಕೈ ದ್ವೀಪ: ಕಾಲುದಾರಿ, ತಂಗುಮನೆ ಮತ್ತು ನಡೆಯುವ ಹಕ್ಕು

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಗೆ ಅಂಟಿಕೊಂಡಂತಿರುವ ಸ್ಕೈ, ಇನ್ನರ್ ಹೆಬ್ರಿಡೀಸ್ ದ್ವೀಪಸಮೂಹದಲ್ಲಿ ಎಲ್ಲಕ್ಕಿಂತ ದೊಡ್ಡ ದ್ವೀಪ. ಇದರ ವಿಸ್ತೀರ್ಣ ಸುಮಾರು 1,650 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 10,000. ಬೇಸಿಗೆಯಲ್ಲಿ ಇಲ್ಲಿನ ಒಂಟಿದಾರಿಯ ರಸ್ತೆಗಳು ವಾಹನಗಳಿಂದ ತುಂಬಿರುತ್ತವೆ. ಚಳಿಗಾಲದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಹಾಸ್ಟೆಲ್‌ನಿಂದ ಹಾಸ್ಟೆಲ್‌ಗೆ ನಡೆಯುವ ಒಂಟಿ ಚಾರಣಿಗರು ಬರುತ್ತಾರೆ. ಅಂಥವರಿಗೆ ಮೂರು ಸಂಗತಿ ಬೇಕು: ನಡೆಯಲು ದಾರಿ, ರಾತ್ರಿ ತಂಗಲು ಸೂರು, ಬೇರೆಯವರ ನೆಲ ದಾಟಲು ಹಕ್ಕು. ಸ್ಕೈನಲ್ಲಿ ಈ ಮೂರೂ ಒಂದೇ ಕಾಲಕ್ಕೆ ಬಂದವಲ್ಲ. ದಾರಿಗಳನ್ನು ಸವೆಸಿದವರು ಇಲ್ಲಿನ ದನಗಾಹಿಗಳು ಮತ್ತು ಒಕ್ಕಲುಗಳು. ಅಗ್ಗದ ಹಾಸಿಗೆಯನ್ನು ತಂದದ್ದು 20ನೇ ಶತಮಾನದ ನಗರಗಳ ಯುವಜನ. ಹಕ್ಕು ಕಾನೂನಿನ ಪುಟ ಸೇರಲು 21ನೇ ಶತಮಾನದವರೆಗೆ ಕಾಯಬೇಕಾಯಿತು.

ನೆಲ ಮತ್ತು ಹವೆ

ಸುಮಾರು 6 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿ ಚಟುವಟಿಕೆಯಿಂದ ಸ್ಕೈನ ಬಹುಭಾಗ ರೂಪುಗೊಂಡಿತು. ಉತ್ತರದ ಟ್ರಾಟರ್ನಿಶ್ ಪರ್ಯಾಯದ್ವೀಪದಲ್ಲಿ ಲಾವಾ ಪದರಗಳು ಕೆಳಗಿನ ಮೆದು ಕಲ್ಲಿನ ಮೇಲೆ ನಿಲ್ಲಲಾರದೆ ಜಾರಿ, ಕ್ವಿರಾಂಗ್ ಮತ್ತು ಸ್ಟೋರ್‌ನ ಕಡಿದಾದ ಬಂಡೆಗಳಾದವು. ದಕ್ಷಿಣದಲ್ಲಿ ಕೂಲಿನ್ ಬೆಟ್ಟಗಳಿವೆ. ಕಪ್ಪು ಕೂಲಿನ್ ಗ್ಯಾಬ್ರೊ ಎಂಬ ಒರಟು ಕಲ್ಲಿನದು, ಕೆಂಪು ಕೂಲಿನ್ ಗ್ರಾನೈಟಿನದು. ಹಿಮಯುಗದ ನೀರ್ಗಲ್ಲು ಕಪ್ಪು ಕೂಲಿನ್ನನ್ನು ಕೊರೆದು ಅದರ ನೆತ್ತಿಸಾಲನ್ನು ಅಲ್ಲಲ್ಲಿ ಗರಗಸದ ಹಲ್ಲಿನಷ್ಟು ಚೂಪಾಗಿಸಿದೆ. ಅದರ ಅತಿ ಎತ್ತರದ ಶಿಖರ 992 ಮೀಟರಿನ ಸ್ಗೂರ್ ಅಲಸ್ಡೇರ್. ಎತ್ತರ ಕಡಿಮೆ ಎನಿಸಬಹುದು. ಆದರೆ ಏರಿಕೆ ಬಹುತೇಕ ಸಮುದ್ರಮಟ್ಟದಿಂದಲೇ ಆರಂಭವಾಗುತ್ತದೆ, ಮೇಲಿನ ಭಾಗದಲ್ಲಿ ಕೈ ಊರದೆ ಸಾಗುವಂತಿಲ್ಲ. ಅಲ್ಲಿನ ಕಲ್ಲಿನ ಕಾಂತಗುಣದಿಂದ ದಿಕ್ಸೂಚಿಯ ಮುಳ್ಳು ದಿಕ್ಕು ತಪ್ಪುತ್ತದೆ. ಮಂಜು ಮುಸುಕಿದಾಗ ಈ ಒಂದೇ ಕಾರಣಕ್ಕೆ ದಾರಿ ತಪ್ಪಿದವರುಂಟು.

ದ್ವೀಪ 57ನೇ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಹಗಲು ಏಳು ಗಂಟೆಯೂ ಇರುವುದಿಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದ ದೆಸೆಯಿಂದ ಕರಾವಳಿಯಲ್ಲಿ ಹಿಮ ಬಹುಕಾಲ ನಿಲ್ಲದು. ಅದರ ಬದಲು ಮಳೆ, ಬಿರುಗಾಳಿ, ಉಕ್ಕುವ ಹಳ್ಳಗಳು. ಮೇಲೆ ನೆತ್ತಿಸಾಲಿನಲ್ಲಿ ಹಿಮ ಬೀಳುವುದು, ಕರಗುವುದು, ಮತ್ತೆ ಗಟ್ಟಿಯಾಗುವುದು ಒಂದೇ ವಾರದಲ್ಲಿ ನಡೆಯಬಹುದು. ಚಳಿಗಾಲದ ನಡಿಗೆಯನ್ನು ಇಲ್ಲಿ ಚಳಿಗಿಂತ ಹೆಚ್ಚಾಗಿ ಬೆಳಕು, ಗಾಳಿ ಮತ್ತು ನೀರು ನಿಯಂತ್ರಿಸುತ್ತವೆ. ಹಿಂದಿನ ಕಾಲದ ಸ್ಥಳೀಯರ ಓಡಾಟಕ್ಕೂ ಇವೇ ಕಟ್ಟಳೆ ಹಾಕಿದ್ದವು.

ದನದ ದಾರಿಗಳು

ಹಳೆಯ ಸ್ಕೈನಲ್ಲಿ ನಡಿಗೆ ಎಂದರೆ ಬದುಕಿನ ಕೆಲಸ. ಬೇಸಿಗೆ ಬಂದಾಗ ಹೆಂಗಸರು, ಮಕ್ಕಳು ದನಗಳೊಂದಿಗೆ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಿ, ಕಲ್ಲು ಮತ್ತು ಹುಲ್ಲುಹೆಂಟೆಯ ಸಣ್ಣ ಹಟ್ಟಿಗಳಲ್ಲಿ ಇದ್ದು ಬೆಣ್ಣೆ, ಗಿಣ್ಣು ಮಾಡುತ್ತಿದ್ದರು. ಪೀಟ್ ಎಂಬ ಉರುವಲು ಮಣ್ಣನ್ನು ಕಡಿದು ಹೊತ್ತು ತರಲು ಇನ್ನೊಂದಷ್ಟು ದಾರಿ. ಹಳ್ಳಿಯಿಂದ ಚರ್ಚಿಗೆ, ಸ್ಮಶಾನಕ್ಕೆ ಮತ್ತೊಂದಷ್ಟು. ಇಂದಿನ ಚಾರಣದ ನಕ್ಷೆಯಲ್ಲಿ ಕಾಣುವ ಎಷ್ಟೋ ಕಾಲುದಾರಿಗಳ ಮೂಲ ಇವೇ.

ಎಲ್ಲಕ್ಕಿಂತ ಉದ್ದದ ನಡಿಗೆ ದನದ ವ್ಯಾಪಾರಿಗಳದು. 17ನೇ ಶತಮಾನದಿಂದ 19ನೇ ಶತಮಾನದವರೆಗೆ ಸ್ಕೈನ ಕಪ್ಪು ದನಗಳು ಮುಖ್ಯಭೂಮಿಯ ಕ್ರೀಫ್, ಆಮೇಲೆ ಫಾಲ್ಕರ್ಕ್ ಸಂತೆಗಳಿಗೆ ನಡೆದೇ ಹೋಗುತ್ತಿದ್ದವು. ಸುಮಾರು ಅರ್ಧ ಕಿಲೋಮೀಟರ್ ಅಗಲದ ಕೈಲ್ ರೇ ಜಲಸಂಧಿಯನ್ನು ಅವು ಈಜಿ ದಾಟಬೇಕಿತ್ತು. ನಾಲಿಗೆಗೆ ತೊಡಕಾಗದಂತೆ ಕೆಳದವಡೆಗೆ ಹಗ್ಗ ಬಿಗಿದು, ಅದರ ತುದಿಯನ್ನು ಮುಂದಿನ ದನದ ಬಾಲಕ್ಕೆ ಕಟ್ಟಿ, ಸಾಲಿನ ಮೊದಲ ದನವನ್ನು ದೋಣಿಯ ಹಿಂದೆ ಎಳೆದೊಯ್ಯುತ್ತಿದ್ದರು. ಉಬ್ಬರ ಇಳಿತಗಳ ಸೆಳೆತ ತಗ್ಗಿದ ಹೊತ್ತು ನೋಡಿ ಈ ಕೆಲಸ ನಡೆಯುತ್ತಿತ್ತು. ದನ ಹೊಡೆಯುವವರು ಓಟ್ಸ್ ಹಿಟ್ಟಿನ ಬುತ್ತಿ ಕಟ್ಟಿಕೊಂಡು, ಕಂಬಳಿ ಹೊದ್ದು ಬಯಲಲ್ಲೇ ಮಲಗುತ್ತಿದ್ದರು.

ಚಳಿಗಾಲದಲ್ಲಿ ಓಡಾಟ ತಗ್ಗುತ್ತಿತ್ತು. ದಪ್ಪ ಕಲ್ಲುಗೋಡೆ, ಹುಲ್ಲಿನ ಮಾಡು, ನಡುವೆ ಆರದ ಪೀಟ್ ಬೆಂಕಿ, ಒಂದೇ ಮಾಡಿನಡಿ ದನ ಮತ್ತು ಜನ: ಆ ಕಾಲದ ಮನೆ ಹೀಗಿತ್ತು. ಉದ್ದನೆಯ ರಾತ್ರಿಗಳಲ್ಲಿ ನೆರೆಹೊರೆಯವರು ಒಂದು ಮನೆಯಲ್ಲಿ ಕೂಡಿ ಕಥೆ, ಹಾಡು, ವಂಶಾವಳಿ ಹೇಳುವ ‘ಕೇಲಿ’ ನಡೆಯುತ್ತಿತ್ತು. ದಾರಿಹೋಕನಿಗೆ ಅಲ್ಲಿ ಊಟ ಮತ್ತು ಮಲಗಲು ಜಾಗ ಸಿಗುತ್ತಿತ್ತು. ಅವನಿಂದ ನಿರೀಕ್ಷಿಸುತ್ತಿದ್ದದ್ದು ಹೊರಗಿನ ಸುದ್ದಿ.

ಹೊರಗಿನ ಪ್ರಯಾಣಿಕರು

ದ್ವೀಪವನ್ನು ಹೊರಜಗತ್ತಿಗೆ ಪರಿಚಯಿಸಿದ ಮೊದಲಿಗರಲ್ಲಿ ಸ್ಕೈನವರೇ ಆದ ಮಾರ್ಟಿನ್ ಮಾರ್ಟಿನ್ ಒಬ್ಬರು. ಪಶ್ಚಿಮ ದ್ವೀಪಗಳನ್ನು ಕುರಿತ ಅವರ ಗ್ರಂಥ 1703ರಲ್ಲಿ ಹೊರಬಂತು. 1772ರಲ್ಲಿ ನಿಸರ್ಗವಿಜ್ಞಾನಿ ಥಾಮಸ್ ಪೆನಂಟ್ ಬಂದು ಬ್ರಾಡ್‌ಫರ್ಡ್ ಬಳಿಯ ಬೈನ್ ನ ಕೈಲಿಹ್ ಬೆಟ್ಟ ಹತ್ತಿದರು. ಮರುವರ್ಷ ಸಾಹಿತಿಗಳಾದ ಸ್ಯಾಮ್ಯುಯೆಲ್ ಜಾನ್ಸನ್ ಮತ್ತು ಜೇಮ್ಸ್ ಬಾಸ್ವೆಲ್ ಬಂದರು. ಜಾನ್ಸನ್ ತಮ್ಮ 64ನೇ ಹುಟ್ಟುಹಬ್ಬವನ್ನು ಮಾಕ್ಲೌಡ್ ಬಣದ ನಾಯಕನ ಡನ್ವೇಗನ್ ಕೋಟೆಯಲ್ಲಿ ಕಳೆದರು. ಕಿಂಗ್ಸ್‌ಬರೋದಲ್ಲಿ ಫ್ಲೋರಾ ಮ್ಯಾಕ್‌ಡೊನಾಲ್ಡ್ ಅವರ ಮನೆಯಲ್ಲಿ ಜಾನ್ಸನ್ ಮಲಗಿದ್ದು, 1746ರಲ್ಲಿ ದಂಗೆಯಲ್ಲಿ ಸೋತು ಫ್ಲೋರಾ ಅವರ ನೆರವಿನಿಂದ ತಲೆಮರೆಸಿಕೊಂಡಿದ್ದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಮಲಗಿದ್ದ ಹಾಸಿಗೆಯ ಮೇಲೆ. ಶರತ್ಕಾಲದ ಮಳೆಗಾಳಿ ಅವರನ್ನು ದಿನಗಟ್ಟಲೆ ಒಂದೇ ಕಡೆ ಕಟ್ಟಿಹಾಕಿತು. ಹಣ ಕೊಟ್ಟು ತಂಗುವ ಜಾಗಗಳು ದ್ವೀಪದಲ್ಲಿ ತೀರ ಕಡಿಮೆ ಇದ್ದುದರಿಂದ ಅವರು ಹೆಚ್ಚಾಗಿ ನೆಚ್ಚಿದ್ದು ಅನುಕೂಲಸ್ಥರ ಮನೆಗಳನ್ನು. ಪರಿಚಯಪತ್ರ ಇಲ್ಲದ, ಹೆಸರಿಲ್ಲದ ಒಂಟಿ ಪ್ರಯಾಣಿಕನಿಗೆ ಬಡ ಗುಡಿಸಲೇ ಗತಿಯಾಗಿತ್ತು.

1803ರ ನಂತರ ಥಾಮಸ್ ಟೆಲ್ಫರ್ಡ್ ಅವರ ಉಸ್ತುವಾರಿಯಲ್ಲಿ ಸ್ಕಾಟಿಷ್ ಎತ್ತರನಾಡಿಗೆ ಸರ್ಕಾರಿ ರಸ್ತೆಗಳು ಬಂದವು, ಸ್ಕೈಗೂ ಬಂದವು. 1814ರಲ್ಲಿ ವಾಲ್ಟರ್ ಸ್ಕಾಟ್ ಕೂಲಿನ್ ನಡುವಿನ ಕೊರುಸ್ಕ್ ಸರೋವರ ಕಂಡು, ಮರುವರ್ಷ ಪ್ರಕಟವಾದ ‘ದಿ ಲಾರ್ಡ್ ಆಫ್ ದಿ ಐಲ್ಸ್’ ಕಾವ್ಯದಲ್ಲಿ ಅದನ್ನು ತಂದರು. 1831ರಲ್ಲಿ ಚಿತ್ರಕಾರ ಟರ್ನರ್ ಅದೇ ಸರೋವರ ನೋಡಲು ಬಂದರು. ಉಗಿದೋಣಿಗಳು ಪ್ರವಾಸಿಗರನ್ನು ಹೊತ್ತು ತರತೊಡಗಿದವು. ರಸ್ತೆಗಳು ಕೂಡುವ ಸ್ಲಿಗಾಹನ್‌ನಲ್ಲಿದ್ದ ತಂಗುಮನೆ ಬೆಟ್ಟದವರ ನೆಲೆಯಾಯಿತು. ರೈಲು 1870ರಲ್ಲಿ ಮುಖ್ಯಭೂಮಿಯ ಸ್ಟ್ರೋಮ್‌ಫೆರಿಗೂ, 1897ರಲ್ಲಿ ಸ್ಕೈನ ಎದುರು ದಡದಲ್ಲೇ ಇರುವ ಕೈಲ್ ಆಫ್ ಲೊಹಾಲ್ಶ್‌ಗೂ, 1901ರಲ್ಲಿ ಮಲ್ಲೇಗ್‌ಗೂ ಮುಟ್ಟಿತು.

ಬರಿದಾದ ಹಳ್ಳಿಗಳು

ಪ್ರವಾಸಿಗರು ನಿರ್ಜನ ಸೌಂದರ್ಯವನ್ನು ಹೊಗಳುತ್ತಿದ್ದ ಕಾಲದಲ್ಲೇ ದ್ವೀಪ ನಿರ್ಜನವಾಗುತ್ತಿತ್ತು. ಕಡಲಕಳೆ ಸುಟ್ಟು ಕ್ಷಾರದ ಬೂದಿ ತಯಾರಿಸುವ ಉದ್ಯಮಕ್ಕೆ ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಭಾರಿ ಬೇಡಿಕೆ ಇತ್ತು. ಜಮೀನ್ದಾರರು ಕೆಲಸಗಾರರು ಬೇಕೆಂದು ಒಕ್ಕಲುಗಳನ್ನು ಕರಾವಳಿಯ ಸಣ್ಣ ತುಂಡುಗಳಲ್ಲಿ ಒತ್ತೊತ್ತಾಗಿ ಕೂರಿಸಿದರು. ಯುದ್ಧ ಮುಗಿದ ಮೇಲೆ ಬೆಲೆ ಕುಸಿಯಿತು. 1841ರಲ್ಲಿ ದ್ವೀಪದ ಜನಸಂಖ್ಯೆ ಸುಮಾರು 23,000 ಇತ್ತು. 1846ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬಡವರ ಮುಖ್ಯ ಆಹಾರವೇ ಕೊಳೆಯಿತು. ಗೇಣಿ ಕೊಡಲಾರದ ಮನುಷ್ಯರಿಗಿಂತ ಕುರಿಗಳೇ ಲಾಭ ಎಂದು ಎಣಿಸಿದ ಎಸ್ಟೇಟುಗಳು ಊರಿಗೆ ಊರನ್ನೇ ಒಕ್ಕಲೆಬ್ಬಿಸಿದವು. ಸಾವಿರಾರು ಜನ ಕೆನಡಾ, ಆಸ್ಟ್ರೇಲಿಯಗಳಿಗೆ ಹಡಗು ಹತ್ತಿದರು.

ಲಾರ್ಡ್ ಮ್ಯಾಕ್‌ಡೊನಾಲ್ಡ್ ಎಸ್ಟೇಟಿಗೆ ಸೇರಿದ ಬೊರೆರೇಗ್ ಮತ್ತು ಸೂಶ್ನಿಶ್ ಹಳ್ಳಿಗಳು 1853ರಲ್ಲಿ ಬರಿದಾದವು. ಪ್ರತಿಭಟಿಸಿದ ಮೂವರ ಮೇಲೆ ಇನ್ವರ್ನೆಸ್‌ನಲ್ಲಿ ಮೊಕದ್ದಮೆ ನಡೆದು ಖುಲಾಸೆಯಾದರೂ, ಚಳಿಗಾಲದ ನಡುವೆ ಅವರನ್ನು ಮತ್ತೆ ಹೊರಹಾಕಲಾಯಿತು. ಆಗ ಯುವ ಭೂವಿಜ್ಞಾನಿಯಾಗಿದ್ದ ಆರ್ಚಿಬಾಲ್ಡ್ ಗೀಕಿ, ಸೂಶ್ನಿಶ್‌ನಿಂದ ಜನ ಗಾಡಿಗಳಲ್ಲಿ ಸಾಮಾನು, ಮುದುಕರನ್ನು ಹೇರಿಕೊಂಡು ಅಳುತ್ತ ಸಾಗಿದ್ದನ್ನು ಕಂಡು ಮುಂದೆ ತಮ್ಮ ನೆನಪುಗಳಲ್ಲಿ ದಾಖಲಿಸಿದರು. ಮಾಡು ಕಳೆದುಕೊಂಡ ಆ ಮನೆಗಳ ಗೋಡೆಗಳು ಇಂದಿಗೂ ಉಳಿದಿವೆ. ಅವುಗಳ ನಡುವೆ ಹಾಯುವ ಹಳೆಯ ದಾರಿ ಎತ್ತರದ ಶಿಖರಗಳನ್ನು ತಪ್ಪಿಸಿ ಕಡಲಂಚಿನಲ್ಲಿ ಸಾಗುವುದರಿಂದ, ಚಳಿಗಾಲದ ಚಾರಣಕ್ಕೆ ಜನ ಆರಿಸಿಕೊಳ್ಳುವ ದಾರಿಗಳಲ್ಲಿ ಅದೂ ಒಂದು.

ಆರೋಹಿಗಳು ಮತ್ತು ದಾರಿ ತೋರಿದವರು

ಕೂಲಿನ್ ಶಿಖರಗಳ ಆರೋಹಣದ ದಾಖಲಿತ ಇತಿಹಾಸ 1836ರಿಂದ ಬಿರುಸಾಗುತ್ತದೆ. ಆ ವರ್ಷ ಭೌತವಿಜ್ಞಾನಿ ಜೇಮ್ಸ್ ಡೇವಿಡ್ ಫೋರ್ಬ್ಸ್, ಸ್ಥಳೀಯ ಅರಣ್ಯಪಾಲಕ ಡಂಕನ್ ಮ್ಯಾಕಿಂಟೈರ್ ಜೊತೆ ಸ್ಗೂರ್ ನಾನ್ ಗಿಲಿಯನ್ ಏರಿದರು. ಫೋರ್ಬ್ಸ್ ಮುಂದೆ ಮತ್ತೆ ಬಂದು, ಈ ಕಣಿವೆಗಳನ್ನು ಕೊರೆದದ್ದು ನೀರ್ಗಲ್ಲು ಎಂಬುದಕ್ಕೆ ಬಂಡೆಗಳ ಗೀರುಗಳಲ್ಲಿ ಸಾಕ್ಷ್ಯ ಕಂಡರು. 1873ರಲ್ಲಿ ಸ್ಕೈನಲ್ಲೇ ಹುಟ್ಟಿದ ನ್ಯಾಯಾಧಿಕಾರಿ ಅಲೆಕ್ಸಾಂಡರ್ ನಿಕಲ್ಸನ್ ದ್ವೀಪದ ಅತಿ ಎತ್ತರದ ಶಿಖರ ಹತ್ತಿದರು; ಅದಕ್ಕೆ ಅವರ ಹೆಸರೇ (ಸ್ಥಳೀಯ ಗೇಲಿಕ್ ಭಾಷೆಯಲ್ಲಿ ಅಲಸ್ಡೇರ್) ಉಳಿಯಿತು. 1880ರಲ್ಲಿ ಚಾರ್ಲ್ಸ್ ಮತ್ತು ಲಾರೆನ್ಸ್ ಪಿಲ್ಕಿಂಗ್ಟನ್ ಸಹೋದರರು ಸ್ಗೂರ್ ಜೆರಗ್‌ನ ತುದಿಯಲ್ಲಿ ಅಲಗಿನಂತೆ ನಿಂತ ‘ಇನ್ಆಕ್ಸೆಸಿಬಲ್ ಪಿನಾಕಲ್’ ಬಂಡೆಯನ್ನು ಏರಿದರು. 3,000 ಅಡಿ ಮೀರಿದ ಸ್ಕಾಟಿಷ್ ಬೆಟ್ಟಗಳನ್ನು 1891ರಲ್ಲಿ ಪಟ್ಟಿ ಮಾಡಿದ ಸರ್ ಹ್ಯೂ ಮನ್ರೋ ಅವರಿಗೂ ಈ ಬಂಡೆ ಏರಲು ಆಗಲಿಲ್ಲ. ಅವರ ಹೆಸರಿನ ಪಟ್ಟಿಯಲ್ಲಿ ಇಂದು ಸ್ಕೈನ 12 ಶಿಖರಗಳಿವೆ.

ಹೊರಗಿನವರ ಹೆಸರು ಪುಸ್ತಕಗಳಲ್ಲಿ ಉಳಿದರೂ, ದಾರಿ ತಿಳಿದಿದ್ದವರು ಊರಿನವರು. ಸ್ಕಾನ್ಸರ್ ಹಳ್ಳಿಯ ಒಕ್ಕಲು ಕುಟುಂಬದ ಜಾನ್ ಮೆಕೆಂಜಿ (1856–1933) ಬ್ರಿಟನ್ನಿನಲ್ಲೇ ಹುಟ್ಟಿ ಬೆಳೆದ ಮೊದಲ ವೃತ್ತಿಪರ ಪರ್ವತ ಮಾರ್ಗದರ್ಶಿ ಎಂದು ಹೆಸರಾದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ನಾರ್ಮನ್ ಕೊಲಿ (1859–1942) ಅವರೊಂದಿಗೆ ಮೆಕೆಂಜಿ ನಡೆಸಿದ ಆರೋಹಣಗಳು ಕೂಲಿನ್ ನಕ್ಷೆಯನ್ನೇ ತಿದ್ದಿದವು. ಇಬ್ಬರ ಸಮಾಧಿಗಳೂ ಸ್ಟ್ರೂಆನ್‌ನ ಒಂದೇ ಸ್ಮಶಾನದಲ್ಲಿವೆ. 2020ರಲ್ಲಿ ಸ್ಲಿಗಾಹನ್‌ನಲ್ಲಿ ಇಬ್ಬರ ಕಂಚಿನ ಪ್ರತಿಮೆ ನಿಂತಿತು.

ಇದೇ ಬಳಗದ ಮೂಲಕ ಹಿಮಾಲಯವೂ ಸ್ಕೈಗೆ ಬಂತು. ಕೊಲಿ 1895ರಲ್ಲಿ ಆಲ್ಬರ್ಟ್ ಮಮ್ಮರಿ ಜೊತೆ ನಂಗಾ ಪರ್ಬತಕ್ಕೆ ಹೋಗಿದ್ದವರು. ಆ ಸಾಹಸದಲ್ಲಿ ಮಮ್ಮರಿ ಮತ್ತು ಇಬ್ಬರು ಗೂರ್ಖಾ ಸಿಪಾಯಿಗಳು ಮಡಿದರು. ಅದರಲ್ಲಿ ಕೆಲಕಾಲ ಜೊತೆಗಿದ್ದ ಸೇನಾಧಿಕಾರಿ ಚಾರ್ಲ್ಸ್ ಬ್ರೂಸ್, 1899ರಲ್ಲಿ ಹರ್ಕಬೀರ್ ಥಾಪಾ ಎಂಬ ಗೂರ್ಖಾ ಯೋಧನನ್ನು ಸ್ಕೈಗೆ ಕರೆತಂದರು. ಹರ್ಕಬೀರ್ ಬರಿಗಾಲಲ್ಲಿ ಸ್ಲಿಗಾಹನ್ ತಂಗುಮನೆಯಿಂದ 775 ಮೀಟರ್ ಎತ್ತರದ ಗ್ಲಾಮೇಗ್ ಬೆಟ್ಟದ ತುದಿಗೆ ಓಡಿ, 55 ನಿಮಿಷಗಳಲ್ಲಿ ಮರಳಿದ. ಆ ಓಟದ ನೆನಪಿಗೆ ಗ್ಲಾಮೇಗ್ ಮೇಲೆ ಈಗಲೂ ಬೆಟ್ಟದ ಓಟದ ಸ್ಪರ್ಧೆ ನಡೆಯುತ್ತದೆ.

ಗೋಮಾಳಕ್ಕಾಗಿ ಹೋರಾಟ

ಆರೋಹಿಗಳು ಸ್ಲಿಗಾಹನ್‌ನಲ್ಲಿ ನೆಲೆಯೂರುತ್ತಿದ್ದಾಗ, ಪಕ್ಕದ ಬೆನ್ ಲೀ ಬೆಟ್ಟಕ್ಕಾಗಿ ಜಗಳ ಹತ್ತಿಕೊಂಡಿತು. ಬ್ರೇಸ್ ಹಳ್ಳಿಗಳ ಒಕ್ಕಲುಗಳು ತಲೆಮಾರುಗಳಿಂದ ಗೋಮಾಳವಾಗಿ ಬಳಸುತ್ತಿದ್ದ ಆ ಬೆಟ್ಟವನ್ನು ಎಸ್ಟೇಟು ಕಿತ್ತುಕೊಂಡಿತ್ತು. ಅವರು ಗೇಣಿ ನಿಲ್ಲಿಸಿದರು, ಒಕ್ಕಲೆಬ್ಬಿಸುವ ನೋಟಿಸುಗಳನ್ನು ಸುಟ್ಟರು. 1882ರ ಏಪ್ರಿಲ್‌ನಲ್ಲಿ ಗ್ಲಾಸ್ಗೋದಿಂದ ಬಂದ ಸುಮಾರು 50 ಪೊಲೀಸರನ್ನು ಹೆಂಗಸರು, ಗಂಡಸರು ಕಲ್ಲು ದೊಣ್ಣೆಗಳಿಂದ ಎದುರಿಸಿದರು. ‘ಬ್ರೇಸ್ ಕದನ’ ಎಂದು ಹೆಸರಾದ ಈ ಘಟನೆ ಪತ್ರಿಕೆಗಳ ಮೂಲಕ ಬ್ರಿಟನ್ನಿನಾದ್ಯಂತ ಸುದ್ದಿಯಾಯಿತು.

ಸರ್ಕಾರ ಒಂದು ವಿಚಾರಣಾ ಆಯೋಗ ನೇಮಿಸಿತು. ಅಧ್ಯಕ್ಷರಾದ ಲಾರ್ಡ್ ನೇಪಿಯರ್ 1866ರಿಂದ 1872ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವರು; ಮಂಗಳೂರು ಮತ್ತು ಬಳ್ಳಾರಿ ಆಗ ಅದೇ ಪ್ರಾಂತ್ಯದ ಊರುಗಳು. ಆರೋಹಿ ಅಲೆಕ್ಸಾಂಡರ್ ನಿಕಲ್ಸನ್ ಆಯೋಗದ ಸದಸ್ಯರಲ್ಲೊಬ್ಬರು. ಮೊದಲ ಬೈಠಕ್ಕು 1883ರ ಮೇ 8ರಂದು ಬ್ರೇಸ್‌ನಲ್ಲೇ ನಡೆಯಿತು. ಒಕ್ಕಲುಗಳು ಗೇಲಿಕ್ ಭಾಷೆಯಲ್ಲಿ ಸಾಕ್ಷ್ಯ ಹೇಳಿದರು. 1886ರ ಕ್ರಾಫ್ಟರ್ಸ್ (ಸಣ್ಣ ಒಕ್ಕಲುಗಳ) ಕಾಯಿದೆ ಅವರಿಗೆ ಗೇಣಿಯ ಭದ್ರತೆ, ನ್ಯಾಯವಾದ ಗೇಣಿದರ, ತಾವು ಮಾಡಿದ ಸುಧಾರಣೆಗೆ ಪರಿಹಾರ ಕೊಟ್ಟಿತು. ದ್ವೀಪದ ಹಳ್ಳಿಗಳು ಇಂದು ಒಂದಕ್ಕೊಂದು ದೂರವಾಗಿ ನಿಂತ ಮನೆ ಮತ್ತು ಕಿರಿದಾದ ಹೊಲಗಳ ಸಾಲಾಗಿ ಉಳಿದಿದ್ದರೆ ಅದಕ್ಕೆ ಈ ಕಾಯಿದೆ ಮುಖ್ಯ ಕಾರಣ.

ನಡೆಯುವವರ ಹಕ್ಕು ಮಾತ್ರ ಈ ಕಾಯಿದೆಯೊಳಗೆ ಬರಲಿಲ್ಲ. ಎತ್ತರನಾಡಿನ ಎಸ್ಟೇಟುಗಳು ಜಿಂಕೆ ಬೇಟೆಗಾಗಿ ಬೆಟ್ಟಗಳಿಗೆ ಪ್ರವೇಶ ತಡೆಯುತ್ತಿದ್ದವು. ಸಂಸದ ಜೇಮ್ಸ್ ಬ್ರೈಸ್ 1884ರಲ್ಲಿ ಬೆಟ್ಟಗಳಿಗೆ ಸಾರ್ವಜನಿಕ ಪ್ರವೇಶ ಕೋರುವ ಮಸೂದೆ ತಂದರು, ಅದು ಪಾಸಾಗಲಿಲ್ಲ. ಮುಂದಿನ ಶತಮಾನದುದ್ದಕ್ಕೂ ಸ್ಕಾಟ್ಲೆಂಡಿನಲ್ಲಿ ಬೆಟ್ಟದ ನಡಿಗೆ ರೂಢಿಯ ಬಲದ ಮೇಲೆ ನಿಂತಿತು.

ಒಂದು ಶಿಲ್ಲಿಂಗಿನ ಹಾಸಿಗೆ

19ನೇ ಶತಮಾನದ ಆರೋಹಿಗಳು ಹೆಚ್ಚಾಗಿ ಹಣ ಮತ್ತು ರಜೆ ಎರಡೂ ಇದ್ದವರು. ಈ ಕಟ್ಟು ಒಡೆದದ್ದು ಹಾಸ್ಟೆಲ್. ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್ಮಾನ್ 1909ರಲ್ಲಿ ಮಕ್ಕಳೊಂದಿಗೆ ಚಾರಣದಲ್ಲಿದ್ದಾಗ ಬಿರುಗಾಳಿಗೆ ಸಿಕ್ಕಿ ಒಂದು ಶಾಲೆಯಲ್ಲಿ ರಾತ್ರಿ ಕಳೆದರು. ನಡೆಯುವ ಯುವಜನರಿಗೆಂದೇ ಅಗ್ಗದ ತಂಗುಮನೆಗಳ ಸರಪಣಿ ಬೇಕೆಂಬ ಯೋಚನೆ ಅಲ್ಲಿಂದ ಬೆಳೆಯಿತು. ಆ ಚಳವಳಿ 1930ರಲ್ಲಿ ಇಂಗ್ಲೆಂಡಿಗೂ 1931ರಲ್ಲಿ ಸ್ಕಾಟ್ಲೆಂಡಿಗೂ ಬಂತು. ಸ್ಕಾಟಿಷ್ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನ ಮೊದಲ ಹಾಸ್ಟೆಲ್ ಸೆಲ್ಕರ್ಕ್ ಬಳಿಯ ಬ್ರಾಡ್‌ಮೆಡೋಸ್‌ನಲ್ಲಿ ತೆರೆಯಿತು. ಹಿಮಾಲಯದ ಚಾರಣಗಳಿಂದ ಕನ್ನಡಿಗರಿಗೂ ಪರಿಚಿತವಾದ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಇದೇ ಚಳವಳಿಯ ಕವಲು.

ಸ್ಕಾಟಿಷ್ ಹಾಸ್ಟೆಲ್‌ಗಳಲ್ಲಿ ಆಗ ರಾತ್ರಿಗೆ ಒಂದು ಶಿಲ್ಲಿಂಗ್. ನಡೆದೋ ಸೈಕಲ್ ತುಳಿದೋ ಬಂದವರಿಗಷ್ಟೇ ಪ್ರವೇಶ; ಕಾರಿನವರಿಗೆ ಇಲ್ಲ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೋಣೆ, ಒಂದರ ಮೇಲೊಂದು ಮಂಚ, ಎಲ್ಲರಿಗೂ ಒಂದೇ ಅಡುಗೆಮನೆ. ಅಡುಗೆ ತಾವೇ ಮಾಡಿಕೊಂಡು, ಹೊರಡುವ ಮೊದಲು ಕಸ ಗುಡಿಸುವುದೋ ಸೌದೆ ತರುವುದೋ ಒಂದು ಕೆಲಸ ಮುಗಿಸಬೇಕಿತ್ತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಗ್ಲಾಸ್ಗೋ, ಕ್ಲೈಡ್‌ಬ್ಯಾಂಕ್‌ಗಳ ಕಾರ್ಖಾನೆ ಮತ್ತು ಹಡಗುಕಟ್ಟೆಯ ಹುಡುಗ ಹುಡುಗಿಯರು ವಾರಾಂತ್ಯಗಳಲ್ಲಿ ಬೆಟ್ಟಗಳಿಗೆ ಹರಿದರು. ಹಾಸ್ಟೆಲ್‌ಗೂ ದುಡ್ಡಿಲ್ಲದವರು ಬಂಡೆಯ ಪೊಟರೆಗಳಲ್ಲಿ, ದನದ ಕೊಟ್ಟಿಗೆಗಳಲ್ಲಿ ಮಲಗಿದರು. ಅಲಸ್ಟೇರ್ ಬಾರ್ತ್ವಿಕ್ ಅವರ ‘ಆಲ್ವೇಸ್ ಎ ಲಿಟಲ್ ಫರ್ದರ್’ (1939) ಈ ತಲೆಮಾರಿನ ಕಥೆ ಹೇಳುವ ಪುಸ್ತಕ. ಸ್ಕೈನಲ್ಲಿ ಗ್ಲೆನ್ ಬ್ರಿಟಲ್, ಬ್ರಾಡ್‌ಫರ್ಡ್, ಊಯಿಗ್ ಮುಂತಾದೆಡೆ ಹಾಸ್ಟೆಲ್‌ಗಳಾದವು. ಕೂಲಿನ್ ಬುಡದಲ್ಲೇ ಇರುವ ಗ್ಲೆನ್ ಬ್ರಿಟಲ್ ನಿಧಾನವಾಗಿ ಸ್ಲಿಗಾಹನ್‌ನ ಸ್ಥಾನ ಪಡೆಯಿತು.

ಹಾಸ್ಟೆಲ್‌ಗಳ ಜೊತೆಗೆ ಎರಡು ಬಗೆಯ ಸೂರು ಬೆಳೆದವು. ಒಂದು, ಆರೋಹಿ ಸಂಘಗಳ ಗುಡಿಸಲುಗಳು: 1959ರ ಕೊರುಸ್ಕ್ ಸ್ಮಾರಕ ಗುಡಿಸಲು ಅವುಗಳಲ್ಲೊಂದು. ಇನ್ನೊಂದು, ‘ಬಾಥಿ’. ಕುರುಬರೋ ಕೂಲಿಯಾಳುಗಳೋ ಬಿಟ್ಟುಹೋದ ಕಲ್ಲುಮನೆಗಳನ್ನು ದುರಸ್ತಿ ಮಾಡಿ, ಬೀಗ ಹಾಕದೆ, ಬಾಡಿಗೆ ಕೇಳದೆ ತೆರೆದಿಡುವ ಪದ್ಧತಿ ಅದು. 1965ರಲ್ಲಿ ಹುಟ್ಟಿದ ಮೌಂಟನ್ ಬಾಥೀಸ್ ಅಸೋಸಿಯೇಷನ್ ಎಂಬ ಸ್ವಯಂಸೇವಕ ಸಂಘ ಇವುಗಳನ್ನು ನೋಡಿಕೊಳ್ಳುತ್ತದೆ. ಸ್ಕೈನಲ್ಲಿ ಕಮಸೂನರಿ ಕೊಲ್ಲಿಯಲ್ಲಿ ಒಂದು ಬಾಥಿ ಇದೆ. ಉತ್ತರ ತುದಿಯ ರೂಬ ಹೂನಿಶ್‌ನಲ್ಲಿ ಹಳೆಯ ಕರಾವಳಿ ಕಾವಲುಕಟ್ಟೆಯೇ ಬಾಥಿಯಾಗಿದೆ. ವಿದ್ಯುತ್ತಿಲ್ಲ, ನಲ್ಲಿಯಿಲ್ಲ, ಹಾಸಿಗೆಯಿಲ್ಲ. ಗೋಡೆ, ಮಾಡು, ಮಲಗಲು ಹಲಗೆ ಅಷ್ಟೇ.

ಚಳಿಗಾಲದ ಬೆಟ್ಟ

ಕೂಲಿನ್ ನೆತ್ತಿಸಾಲನ್ನು ಒಂದೇ ದಿನದಲ್ಲಿ ಪೂರ್ತಿ ದಾಟುವ ಸಾಹಸ 1911ರಲ್ಲಿ ಶ್ಯಾಡ್‌ಬೋಲ್ಟ್ ಮತ್ತು ಮಕ್ಲಾರೆನ್ ಅವರಿಂದ ಈಡೇರಿತು. ಅದು ಬೇಸಿಗೆಯ ಉದ್ದನೆಯ ಹಗಲಿನಲ್ಲಿ. ಹಿಮ ತುಂಬಿದಾಗ ಅದೇ ಸಾಲನ್ನು ದಾಟಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1965ರ ಚಳಿಗಾಲದಲ್ಲಿ ಟಾಮ್ ಪೇಟಿ, ಹೇಮಿಶ್ ಮ್ಯಾಕಿನಿಸ್, ಡೇವಿಡ್ ಕ್ರ್ಯಾಬ್ ಮತ್ತು ಬ್ರಯಾನ್ ರಾಬರ್ಟ್‌ಸನ್ ನೆತ್ತಿಯ ಮೇಲೇ ಒಂದು ರಾತ್ರಿ ಕಳೆದು ಎರಡು ದಿನಗಳಲ್ಲಿ ಅದನ್ನು ಮುಗಿಸಿದರು. ಹಿಮ ಗಟ್ಟಿಯಾಗಿರಬೇಕು, ಗಾಳಿ ತಗ್ಗಿರಬೇಕು, ಆಕಾಶ ತಿಳಿಯಾಗಿರಬೇಕು: ಮೂರೂ ಕೂಡಿಬರುವ ದಿನಗಳು ಸ್ಕೈನಲ್ಲಿ ಕೆಲವೇ.

ಅಪಾಯವನ್ನು ಎಷ್ಟರಮಟ್ಟಿಗೆ ಪಳಗಿಸಬೇಕು ಎಂಬ ವಾದವೂ ಇಲ್ಲಿ ನಡೆದಿದೆ. 1968ರಲ್ಲಿ ಸೇನೆಯ ನೆರವಿನಿಂದ ಕಮಸೂನರಿಗೆ ರಸ್ತೆ, ಹಳ್ಳಗಳಿಗೆ ಸೇತುವೆ ಹಾಕಿ, ಕೊರುಸ್ಕ್ ದಾರಿಯಲ್ಲಿ ಕಡಲ ಮೇಲೆ ಚಾಚಿದ ‘ಬ್ಯಾಡ್ ಸ್ಟೆಪ್’ ಎಂಬ ಬಂಡೆಯನ್ನು ಸಿಡಿಸುವ ಯೋಜನೆ ಬಂತು. ರಕ್ಷಣಾ ಕಾರ್ಯಕ್ಕೆ ಅನುಕೂಲ ಎಂಬುದು ಸಮರ್ಥನೆ. ಆರೋಹಿಗಳ ತೀವ್ರ ವಿರೋಧದಿಂದ ಬಂಡೆ ಉಳಿಯಿತು. ಕಟ್ಟಿದ ಸೇತುವೆಗಳು ಮುಂದೆ ನೆರೆಗೆ ಕೊಚ್ಚಿಹೋದವು. ಮಳೆ ಬಿದ್ದ ಚಳಿಗಾಲದ ದಿನ ಕಮಸೂನರಿಯ ಹೊಳೆ ಇಳಿಯುವವರೆಗೆ ಕಾಯುವುದು, ಇಲ್ಲವೇ ಹಿಂದಿರುಗುವುದು ಚಾರಣಿಗರಿಗೆ ಇಂದಿಗೂ ತಪ್ಪಿಲ್ಲ. ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ತರುವ ಸ್ಕೈ ಮೌಂಟನ್ ರೆಸ್ಕ್ಯೂ ತಂಡದವರು ಸಂಬಳವಿಲ್ಲದ ಸ್ವಯಂಸೇವಕರು.

ಸೇತುವೆ ಮತ್ತು ಕಾಯಿದೆ

ಸಂಪ್ರದಾಯಸ್ಥ ಪ್ರಾಟೆಸ್ಟಂಟ್ ಚರ್ಚಿನ ಪ್ರಭಾವದಿಂದ ಸ್ಕೈನಲ್ಲಿ ಭಾನುವಾರ ಪೂರ್ತಿ ವಿಶ್ರಾಂತಿಯ ದಿನವಾಗಿತ್ತು. 1965ರ ಜೂನ್‌ನಲ್ಲಿ ಕೈಲ್ ಆಫ್ ಲೊಹಾಲ್ಶ್‌ನಿಂದ ಮೊದಲ ಭಾನುವಾರದ ದೋಣಿಸೇವೆ ಆರಂಭವಾದಾಗ ಕೈಲಾಕಿನ್‌ನಲ್ಲಿ ಪಾದ್ರಿಯೊಬ್ಬರು ವಾಹನಗಳಿಗೆ ಅಡ್ಡ ಮಲಗಿ ಪ್ರತಿಭಟಿಸಿದರು. 1995ರ ಅಕ್ಟೋಬರ್‌ನಲ್ಲಿ ಅದೇ ಕಡಲ ಕಿರುದಾರಿಯ ಮೇಲೆ ಸೇತುವೆ ತೆರೆಯಿತು. ಅದರ ದುಬಾರಿ ಸುಂಕವನ್ನು ದ್ವೀಪದವರು ವರ್ಷಗಟ್ಟಲೆ ವಿರೋಧಿಸಿದರು. ಸುಂಕ ಕೊಡಲೊಪ್ಪದೆ ಹಲವರು ನ್ಯಾಯಾಲಯ ಹತ್ತಿದರು. 2004ರ ಡಿಸೆಂಬರ್‌ನಲ್ಲಿ ಸುಂಕ ರದ್ದಾಯಿತು. ಚಳಿಗಾಲದ ಬಿರುಗಾಳಿಗೆ ದೋಣಿ ನಿಂತರೂ ದ್ವೀಪ ತಲುಪಲು ಈಗ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಬೆಟ್ಟಗಳ ಒಡೆತನದ ಪ್ರಶ್ನೆಯೂ ಮತ್ತೆ ಎದ್ದಿತು. 2000ದಲ್ಲಿ ಮಾಕ್ಲೌಡ್ ಬಣದ ನಾಯಕ, ಡನ್ವೇಗನ್ ಕೋಟೆಯ ಮಾಡಿನ ದುರಸ್ತಿಗೆ ಹಣ ಬೇಕೆಂದು ಕಪ್ಪು ಕೂಲಿನ್ನನ್ನು 1 ಕೋಟಿ ಪೌಂಡಿಗೆ ಮಾರಾಟಕ್ಕಿಟ್ಟರು. ಬೆಟ್ಟಸಾಲೊಂದನ್ನು ಯಾರಾದರೂ ಮಾರಬಹುದೇ ಎಂಬ ಆಕ್ರೋಶ ದೇಶವ್ಯಾಪಿಯಾಯಿತು; ಮಾರಾಟ ಆಗಲಿಲ್ಲ. ಅಷ್ಟರಲ್ಲೇ ಜಾನ್ ಮ್ಯೂರ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆ ಪಕ್ಕದ ಟಾರಿನ್ ಮತ್ತು ಸ್ಟ್ರಾತ್‌ಐರ್ಡ್ ಎಸ್ಟೇಟುಗಳನ್ನು ಕೊಂಡಿತ್ತು.

ಸ್ಕಾಟಿಷ್ ಸಂಸತ್ತು 2003ರಲ್ಲಿ ಅಂಗೀಕರಿಸಿದ ಭೂಸುಧಾರಣಾ ಕಾಯಿದೆ, ಒಡೆತನ ಯಾರದೇ ಇರಲಿ, ಜವಾಬ್ದಾರಿಯಿಂದ ನಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. 2005ರ ಫೆಬ್ರವರಿಯಿಂದ ಅದು ಜಾರಿಗೆ ಬಂತು. ಬಯಲಲ್ಲಿ ಗುಡಾರ ಹಾಕಿ ರಾತ್ರಿ ಕಳೆಯುವುದೂ ಅದರಲ್ಲಿ ಸೇರಿದೆ. ಮೋಟಾರು ವಾಹನ ಸೇರಿಲ್ಲ. ಬೆಳೆಗೆ, ಜಾನುವಾರಿಗೆ ತೊಂದರೆ ಮಾಡಬಾರದು, ಮನೆಗಳ ಅಂಗಳಕ್ಕೆ ನುಗ್ಗಬಾರದು. ಬ್ರೈಸ್ ಕೇಳಿದ್ದು ಹೀಗೆ ಸುಮಾರು 120 ವರ್ಷಗಳ ನಂತರ ಸಿಕ್ಕಿತು.

ಹಾಸ್ಟೆಲ್‌ಗಳೂ ಬದಲಾಗಿವೆ. ಕಾರಿನವರಿಗೆ ಇದ್ದ ನಿಷೇಧ, ಬೆಳಗಿನ ಕಡ್ಡಾಯ ಕೆಲಸ ಎಂದೋ ಹೋದವು. ಹಳೆಯ ಸಂಘದ ಕೆಲವು ಮನೆಗಳು ಮುಚ್ಚಿ, ಅವುಗಳ ಜಾಗಕ್ಕೆ ಖಾಸಗಿ ಹಾಸ್ಟೆಲ್‌ಗಳು ಬಂದಿವೆ. ಚಳಿಗಾಲದಲ್ಲಿ ಗ್ಲೆನ್ ಬ್ರಿಟಲ್‌ನಂಥ ದೂರದವು ಮುಚ್ಚಿರುತ್ತವೆ; ಪೋರ್ಟ್ರೀ, ಬ್ರಾಡ್‌ಫರ್ಡ್, ಕೈಲಾಕಿನ್‌ನಂಥ ಊರುಗಳಲ್ಲಿ ಹಾಸಿಗೆ ಸಿಗುತ್ತದೆ. ಹೀಗಾಗಿ ಆ ತಿಂಗಳುಗಳ ಒಂಟಿ ಚಾರಣಿಗರು ಈ ಊರುಗಳಿಂದ ಹೊರಟು ಕತ್ತಲೊಳಗೆ ಮರಳುವ ತಗ್ಗಿನ ದಾರಿಗಳನ್ನೇ ಹೆಚ್ಚು ಹಿಡಿಯುತ್ತಾರೆ: ಸ್ಟೋರ್, ಕ್ವಿರಾಂಗ್, ಬೊರೆರೇಗ್, ಸ್ಲಿಗಾಹನ್ ಕಣಿವೆ. ಹಿಮಗೊಡಲಿ ಬಳಸಲು ಬಲ್ಲವರು ಮಾತ್ರ ಕೂಲಿನ್ ನೆತ್ತಿಗೆ ಹೋಗುತ್ತಾರೆ. ಹೋಗುವ ದಾರಿ, ಮರಳುವ ಹೊತ್ತು ಯಾರಿಗಾದರೂ ತಿಳಿಸಿ ಹೊರಡಬೇಕು ಎಂಬುದು ಬೆಟ್ಟದವರೆಲ್ಲ ಒಪ್ಪಿದ ನಿಯಮ. ಒಂಟಿಯಾಗಿ ಬಂದವರಿಗೆ ಆ ‘ಯಾರಾದರೂ’ ಸಾಮಾನ್ಯವಾಗಿ ಹಾಸ್ಟೆಲ್‌ನ ಉಸ್ತುವಾರಿ.